ಬೀಳುವವನು ಅಗೆದ ಮಣ್ಣು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ನನಗೆ ಕುಸ್ತಿ ಕಲಿಸಿದ ವಸ್ತಾದರು ಬದುಕಿದ್ದಾಗ ಅವರ ಕಿವಿಗೆ ಬೀಳಬಾರದು ಎಂದು ಸುಮ್ಮನಿದ್ದೆ. ಅವರು ತೀರಿಕೊಂಡ ಮೇಲೆ ಮಕ್ಕಳ ಮದುವೆಗಳು ಮುಗಿಯಲಿ ಎಂದುಕೊಂಡೆ. ಮದುವೆಗಳು ಮುಗಿದವು, ನೆಪಗಳೂ ಮುಗಿದವು, ಆದರೂ ಬಾಯಿ ಬಿಡಲಿಲ್ಲ. ನಮ್ಮ ಆಳಂದದ ಮನೆಯ ಪಡಸಾಲೆಯಲ್ಲಿ ನಾನು ಲಂಗೋಟಿ ಕಟ್ಟಿ ಎದೆ ಉಬ್ಬಿಸಿ ನಿಂತ ಫೋಟೊ ಒಂದಿದೆ. ಮನೆಗೆ ಬಂದವರನ್ನೆಲ್ಲ ಮೊಮ್ಮಕ್ಕಳು ಅದರ ಮುಂದೆ ನಿಲ್ಲಿಸಿ, "ನಮ್ಮ ಮುತ್ಯಾ ದೊಡ್ಡ ಪೈಲ್ವಾನ ಇದ್ದ" ಎನ್ನುತ್ತಾರೆ. ನಾನು ಮಂಚದ ಮೇಲೆ ಕುಳಿತು ಅದನ್ನು ಕೇಳಿಸಿಕೊಳ್ಳುತ್ತೇನೆ. ಕೇಳಿ ಕೇಳಿ ಸಾಕಾಗಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಆಗ ನಿಜಾಮನ ಆಳಿಕೆ, ದೊಡ್ಡ ಯುದ್ಧ ನಡೆದಿದ್ದ ಕಾಲ. ನಾನು ಹೈಸ್ಕೂಲು ಮುಗಿಸಿದ್ದೆ. ಉರ್ದು ಬರೆಯಲು ಬರುತ್ತಿತ್ತು, ತಹಶೀಲ್ದಾರ ಕಚೇರಿಯಲ್ಲಿ ಕಾರಕೂನ ಆಗಬಹುದಿತ್ತು. ಆದರೆ ಆಳಂದದ ತಾಲೀಮಿನಲ್ಲಿ, ಗರಡಿಮನೆಯಲ್ಲಿ, ಮಣ್ಣು ಮೆತ್ತಿಕೊಂಡು ಬೆಳೆದವನಿಗೆ ಕಾರಕೂನನ ಗಾದಿ ಸೇರಲಿಲ್ಲ. ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಿ ಒಬ್ಬ ಗೌಡರಿದ್ದರು. ಬೇರೆಯವರು ಕುದುರೆ ಕಟ್ಟಿದ ಹಾಗೆ ಅವರು ಪೈಲ್ವಾನರನ್ನು ಕಟ್ಟುತ್ತಿದ್ದರು. ನನ್ನನ್ನು ಕಟ್ಟಿದರು. ಹಾಲು, ತುಪ್ಪ, ಬದಾಮಿ, ವಾಡೆಯ ಹಿಂದೆ ಇರಲು ಒಂದು ಕೋಣೆ. ಕೆಲಸ ಒಂದೇ. ಗೌಡರ ಹೆಸರಿನಲ್ಲಿ ಕಣಕ್ಕಿಳಿದು ಗೆದ್ದು ಬರುವುದು.

ಆ ವರ್ಷ ಜೇವರ್ಗಿಯಲ್ಲಿ ಹತ್ತಿ ವ್ಯಾಪಾರಿಗಳು ಸೇರಿ ದೊಡ್ಡ ಕುಸ್ತಿ ಇಟ್ಟಿದ್ದರು. ಕೊನೆಯ ಜೋಡಿ ನನ್ನದು, ಎದುರಾಳಿ ಸೊಲ್ಲಾಪುರದ ಕಡೆಯವನು. ಅವನನ್ನು ನಾನು ಹಿಂದೊಮ್ಮೆ ನೋಡಿದ್ದೆ. ಕುತ್ತಿಗೆಯೇ ಇಲ್ಲದ ಆಳು, ತಲೆ ನೇರವಾಗಿ ಹೆಗಲ ಮೇಲೆ ಕೂತಿತ್ತು. ಕೋಣ ನುಗ್ಗಿದಂತೆ ತಲೆ ತಗ್ಗಿಸಿ ಮುಂದೆ ನುಗ್ಗುವುದೊಂದೇ ಅವನ ಆಟ. ನನ್ನ ಆಟವೆಲ್ಲ ಕೆಳಗಿನದು, ಕಾಲಿಗೆ ಕೈ ಹಾಕಿ ಎಳೆಯುವುದು. ಅಷ್ಟು ಭಾರದವನ ಕಾಲಿಗೆ ಕೈ ಹಾಕಿದರೆ ಅವನು ನನ್ನ ಮೇಲೆಯೇ ಕುಸಿದು ಕೂಡುತ್ತಿದ್ದ.

ನನಗೆ ಕಲಿಸಲು ಆಳಂದದಿಂದ ನಮ್ಮ ವಸ್ತಾದರೇ ಬಂದರು. ಎಪ್ಪತ್ತು ದಾಟಿದ ಸಾಬರು, ಒಂದು ಕಣ್ಣಿಗೆ ಪೊರೆ, ಕೈಯಲ್ಲಿ ಯಾವಾಗಲೂ ಹುಣಸೆಯ ತೆಳ್ಳನೆ ಕೋಲು, ಬರಲು. ಎದುರಾಳಿಯ ವಿಚಾರವನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ನುಗ್ಗಾಂವಗ ಢಾಕ್. ಬ್ಯಾರೆ ದವಾ ಇಲ್ಲ."

ಢಾಕ್ ಎಂದರೆ ಏನೆಂದು ತಿಳಿಸಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಏನೆಂದು ತಿಳಿಯುವುದಿಲ್ಲ. ಎದುರಾಳಿ ಮುಂದೆ ನೂಕುತ್ತಾನೆ. ನಿಮ್ಮ ಬಲಗೈ ಅವನ ಕೊರಳನ್ನು ಸುತ್ತುತ್ತದೆ. ಎಡಗೈ ಅವನ ಬಲಗೈಯನ್ನು ಮೊಣಕೈಯ ಮೇಲೆ ಬಿಗಿಯಾಗಿ ಹಿಡಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು, ಅವನಿಗೆ ಬೆನ್ನು ಕೊಟ್ಟು ತಿರುಗಿ, ನಿಮ್ಮ ಟೊಂಕವನ್ನು ಅವನ ಹೊಟ್ಟೆಯ ಕೆಳಗೆ ಇಳಿಸಬೇಕು. ಮಂಡಿ ಚಾಚಿದ ಕೂಡಲೇ ಅವನ ಭಾರವೇ ಅವನನ್ನು ನಿಮ್ಮ ಟೊಂಕದ ಮೇಲಿಂದ ಆಚೆ ಒಗೆಯುತ್ತದೆ. ಇದರಲ್ಲಿ ಎಡಗೈಯ ಕೆಲಸ ದೊಡ್ಡದು. ಅದು ಹಿಡಿದು ಎಳೆಯುತ್ತಿದ್ದರೆ ಬೀಳುವವನು ಗಾಳಿಯಲ್ಲಿ ಪೂರ್ತಿ ಮಗುಚಿ ಬೆನ್ನಿನ ಮೇಲೆ ಅಗಲವಾಗಿ ಬೀಳುತ್ತಾನೆ. ಚಿತ್ ಆಗುತ್ತಾನೆ, ಆದರೆ ಎದ್ದು ಮನೆಗೆ ಹೋಗುತ್ತಾನೆ. ಎಡಗೈ ಬಿಟ್ಟರೆ ಅವನು ಅರ್ಧಕ್ಕೇ ನಿಲ್ಲುತ್ತಾನೆ. ಕೊರಳು ನಿಮ್ಮ ಕಂಕುಳಲ್ಲಿ ಸಿಕ್ಕಿರುತ್ತದೆ, ಮೈಯ ಭಾರವೆಲ್ಲ ಒಂದು ಹೆಗಲ ಮೇಲೆ ಇಳಿಯುತ್ತದೆ. ವಸ್ತಾದರು ಮೊದಲ ದಿನವೇ ನನ್ನ ಎಡ ಮುಂಗೈಗೆ ಬರಲಿನಿಂದ ಬಾರಿಸಿ, "ಇದು ಬಿಡಬ್ಯಾಡ. ತಲೀ ಹೋದ್ರೂ ಇದು ಬಿಡಬ್ಯಾಡ" ಎಂದಿದ್ದರು.

ಎಸೆತ ಕಲಿಯಲು ಬೀಳುವವನೊಬ್ಬ ಬೇಕು. ಗೌಡರ ಹೊಲದಲ್ಲಿ ದುಡಿಯುತ್ತಿದ್ದ, ಊರ ಹೊರಗಿನ ಕೇರಿಯವನೊಬ್ಬನನ್ನು ವಸ್ತಾದರು ಆರಿಸಿದರು. ನನ್ನದೇ ವಯಸ್ಸು, ನನಗಿಂತ ಒಂದು ಮುಷ್ಟಿ ಎತ್ತರ. ಜೋಳದ ಚೀಲ ಹೆಗಲಿಗೇರಿಸಿ ಊರ ಅಗಸಿಬಾಗಿಲಿಂದ ವಾಡೆಯ ತನಕ ಹಾಡು ಹೇಳುತ್ತ ಬರುತ್ತಿದ್ದವನು. ಗೌಡರು ಮುಖ ಸಿಂಡರಿಸಿದರು.

"ಆ ಮಂದಿನ್ನ ಮಣ್ಣಿನಾಗ ಇಳಸ್ತೀರೇನ್ರಿ ವಸ್ತಾದ?"

"ಸಾಹೇಬ, ಮಣ್ಣಿಗಿ ಜಾತ ಗೊತ್ತಿಲ್ಲ. ಊರಾಗ ಇಷ್ಟು ಮೈ ಇರಾಂವ ಇನ್ನೊಬ್ಬನ್ನ ಕೊಡ್ರಿ, ತಗೋತೇನಿ."

ಇನ್ನೊಬ್ಬನಿರಲಿಲ್ಲ. ಗೌಡರು ಕರಾರು ಹಾಕಿ ಒಪ್ಪಿದರು. ಅವನು ಮಣ್ಣಿಗೆ ಇಳಿಯುವುದು ಬೀಳಲಿಕ್ಕೆ ಮಾತ್ರ. ತೊಡೆ ತಟ್ಟಬಾರದು. ತಾಲೀಮಿನ ಗೋಡೆಗೂಡಿನ ಹನುಮಪ್ಪನಿಗೆ ಕೈ ಮುಗಿಯಬೇಕಾದರೆ ಬಾಗಿಲಾಚೆ ನಿಂತು ಮುಗಿಯಬೇಕು. ತಾಲೀಮಿನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯಲಿಲ್ಲ. ಬೀಳಾಂವ ಎಂದರು. "ಲೇ ಬೀಳಾಂವ, ಬಾ ಇಲ್ಲಿ." ನಾನೂ ಹಾಗೇ ಕರೆದೆ.

ನಮ್ಮ ವಸ್ತಾದರ ತಾಲೀಮಿನಲ್ಲಿ ಒಂದು ಪದ್ಧತಿಯಿತ್ತು, ಬೇರೆಲ್ಲೂ ನಾನು ಕಂಡಿಲ್ಲ. ಎಸೆತದ ತಾಲೀಮು ನಡೆಯುವಾಗ ಮಣ್ಣನ್ನು ಬೀಳುವವನೇ ಅಗೆಯಬೇಕು. ಬೇರೆ ಯಾರೂ ಸಲಿಕೆ ಮುಟ್ಟುವ ಹಾಗಿಲ್ಲ. ಬೀಳುವ ಮೈ ಯಾರದೋ, ಮಣ್ಣಿನ ಮೇಲೆ ನಂಬಿಕೆ ಬರಬೇಕಾದದ್ದೂ ಅವನಿಗೇ ಎಂಬ ಲೆಕ್ಕ. ಗೊಬ್ಬೂರಿನ ನೆಲ ಕಪ್ಪು ಎರೆ. ಕುಸ್ತಿಗೆ ಅದು ನಡೆಯುವುದಿಲ್ಲ, ಒಣಗಿದರೆ ಕಲ್ಲು, ನೆನೆದರೆ ಅಂಟು. ಆಳಂದದ ಕಡೆಯಿಂದ ಬಂಡಿಯಲ್ಲಿ ಕೆಂಪು ಮಣ್ಣು ತಂದು, ಜರಡಿ ಹಿಡಿದು, ಕುಸುಬಿ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹೊಂಡ ತುಂಬಿಸಿದ್ದೆವು. ಅದನ್ನು ದಿನವೂ ಸಂಜೆ ಮೊಣಕೈ ಆಳ ಅಗೆದು ಮಗುಚಬೇಕು. ಮುಂಜಾನೆ ಮರದ ಕೊರಡನ್ನು ಹಗ್ಗ ಕಟ್ಟಿ ಒಂದೇ ಸಾರಿ ಎಳೆದು ಮೇಲ್ಮೈ ಸಮ ಮಾಡಬೇಕು. ಎರಡನೇ ಸಾರಿ ಎಳೆದರೆ ಮಣ್ಣು ಕೂಡಿಕೊಳ್ಳುತ್ತದೆ. ಒಂದು ದಿನ ಅಗೆಯದೆ ಬಿಟ್ಟರೂ ಸಾಕು, ಮೇಲೆ ಮೆತ್ತಗೆ ಕಂಡರೂ ಕೆಳಗೆ ಇಟ್ಟಂಗಿಯಾಗಿರುತ್ತದೆ.

ಅವನು ಅಗೆಯುವುದನ್ನು ನೋಡಬೇಕಿತ್ತು. ಮೂಲೆಗಳಿಂದ ಶುರು ಮಾಡುತ್ತಿದ್ದ. ಆಮೇಲೆ ಬರಿಗಾಲಿನ ಹಿಮ್ಮಡಿಯಿಂದ ಅಲ್ಲಲ್ಲಿ ಒತ್ತಿ ನೋಡುತ್ತಿದ್ದ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ.

"ಪೈಲ್ವಾನ್ರ, ನನ್ನ ಹೇಂತಿ ಕೇಳಾಕತ್ತಾಳ್ರಿ, ಗೌಡರ ಮನ್ಯಾಗ ನಿಂದೇನ್ ಕೆಲಸಂತ. ಬೀಳ್ತೇನಿ ಅಂದ್ರ ನಂಬವಲ್ಲಳು. ಬೀಳಾಕ ಯಾರ ಕೂಲಿ ಕೊಡ್ತಾರ, ಸುಳ್ಳ ಹೇಳಬ್ಯಾಡ ಅಂತಾಳ."

"ಬಾಯಿ ಮುಚ್ಚಕೊಂಡ ಅಗಿ."

"ಅಗ್ಯಾಕತ್ತೇನ್ರಿ. ಬಾಯೇನ್ ಸಲಿಕಿ ಹಿಡದದೇನು?"

ಮೊದಲ ತಿಂಗಳು ನನಗೆ ಢಾಕ್ ಬರಲೇ ಇಲ್ಲ. ತಿರುಗುವಾಗ ಟೊಂಕ ಕೆಳಗೆ ಇಳಿಯುತ್ತಿರಲಿಲ್ಲ. ತೋಳಿನ ಬಲದಿಂದ ಅವನನ್ನು ಎತ್ತಲು ಹೋಗುತ್ತಿದ್ದೆ. ಅರ್ಧಕ್ಕೆ ಎತ್ತಿ, ತಾಳಲಾರದೆ, ಇಬ್ಬರೂ ಮಗ್ಗುಲಾಗಿ ಕುಸಿಯುತ್ತಿದ್ದೆವು. ವಸ್ತಾದರು ನನ್ನ ತೊಡೆಯ ಹಿಂಭಾಗಕ್ಕೆ ಬರಲಿನಿಂದ ಹೊಡೆಯುತ್ತಿದ್ದರು. "ಕೆಳಗ! ಕೆಳಗ ಇಳಿ ಲೇ! ಟೊಂಕ ಎಲ್ಲಿ ಇಟ್ಟಿ, ಆಳಂದದಾಗ ಬಿಟ್ಟ ಬಂದೀಯೇನು?" ಬಾಸುಂಡೆಯ ಮೇಲೆ ಬೆವರು ಮತ್ತು ಅರಿಶಿನ ಉರಿಯುತ್ತಿತ್ತು. ಗೌಡರು ಕಟ್ಟೆಯ ಮೇಲೆ ಲೋಡಿಗೆ ಒರಗಿ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು.

ನನ್ನ ಸಿಟ್ಟೆಲ್ಲ ಬೀಳುವವನ ಮೇಲೆ ಇಳಿಯಿತು. ವಸ್ತಾದರಿಗೆ ಎದುರಾಡುವಂತಿಲ್ಲ, ಗೌಡರಿಗೂ ಆಡುವಂತಿಲ್ಲ. ಅವನಿಗೆ ಏನು ಮಾಡಿದರೂ ಕೇಳುವವರಿರಲಿಲ್ಲ. ವಸ್ತಾದರು ನಮಾಜಿಗೆ ಹೋದ ಹೊತ್ತು ನೋಡಿ ಅವನನ್ನು ಕರೆಯುತ್ತಿದ್ದೆ. ದಿನವಿಡೀ ಹೊಲದಲ್ಲಿ ದುಡಿದು, ಇನ್ನೂ ನೀರು ಕುಡಿಯದವನನ್ನು ಕೆಡವುತ್ತಿದ್ದೆ. ಅವನು ಏಳುವ ಮೊದಲೇ ಮತ್ತೆ ಹಿಡಿಯುತ್ತಿದ್ದೆ. ಅವನು ಉಸಿರು ಹೊರಗೆ ಬಿಡುತ್ತಿದ್ದಾಗ ತಿರುಗುತ್ತಿದ್ದೆ, ಹೊರಗೆ ಬಿಟ್ಟ ಉಸಿರಿನ ಮೇಲೆ ಬಿದ್ದರೆ ಪಕ್ಕೆಲುಬು ಹೆಚ್ಚು ನೋಯುತ್ತದೆ ಎಂಬುದು ನನಗೆ ಗೊತ್ತಿತ್ತು. ಒಮ್ಮೆ ಅವನ ಕಿವಿ ಹರಿದು ರಕ್ತ ಬಂತು. ಮಣ್ಣು ಒತ್ತಿಕೊಂಡು ಎದ್ದು ನಿಂತ.

"ಇವತ್ತ ಬಲಕ್ಕ ಭಾಳ ಆಯ್ತ್ರಿ ಪೈಲ್ವಾನ್ರ. ಎಡಗಡಿ ಪೂರಾ ಖಾಲಿ ಅದ, ಜರಾ ಆಕಡಿನೂ ನೋಡ್ರಿ."

ನನಗೆ ನಗು ಬರಲಿಲ್ಲ. ಅವನು ನಗುವುದೇ ನನ್ನನ್ನು ಚುಚ್ಚುತ್ತಿತ್ತು. ಎಷ್ಟು ಕೆಡವಿದರೂ ಕೆಳಗಾಗದವನನ್ನು ಏನು ಮಾಡುವುದು?

ನನಗೆ ಸೊಲ್ಲಾಪುರದವನ ಆಟ ರೂಢಿಯಾಗಲೆಂದು ವಸ್ತಾದರು ಅವನಿಗೆ ತಲೆ ತಗ್ಗಿಸಿ ನುಗ್ಗಲು ಕಲಿಸಿದ್ದರು. ಹಿಡಿತ ಸಿಕ್ಕ ಕೂಡಲೇ ಅವನು ಮುಂದೆ ನೂಕಬೇಕು, ನಾನು ಹಿಂದೆ ಸರಿಯಬೇಕು. ನಾನು ಎತ್ತ ಸರಿದರೂ ಬೆನ್ನಟ್ಟಿ ಬರುತ್ತಿದ್ದ. ಅದು ಅವನ ಮೈಗೆ ಹತ್ತಿ ಹೋಗಿತ್ತು.

ಒಂದು ಮುಂಜಾನೆ ನಾನು ಸಾಲುಸಾಲಾಗಿ ತಪ್ಪಿದೆ. ವಸ್ತಾದರು ಬರಲು ಬಿಸಾಡಿ ಎದ್ದು ಬಂದರು. ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು.

"ಲೇ, ಇಷ್ಟು ದಿನ ಬಿದ್ದೀ. ಟೊಂಕ ಎಲ್ಲಿ ಬರಬೇಕು, ನಿನ್ನ ಹೊಟ್ಟಿಗಿ ಗೊತ್ತಾಗಿರಬೇಕಲ್ಲ? ಇವಗ ಒಮ್ಮಿ ತೋರಸು."

ಅವನು ಕಟ್ಟೆಯ ಕಡೆ ನೋಡಿದ. ಗೌಡರಿಗೆ ಮೋಜು ಅನ್ನಿಸಿರಬೇಕು, ಕೈ ಆಡಿಸಿದರು. "ತೋರಸ್ಲಿ, ತೋರಸ್ಲಿ."

"ಪೈಲ್ವಾನ್ರ, ಸಿಟ್ಟಾಗಬ್ಯಾಡ್ರಿ ಮತ್ತ" ಎಂದ.

ನಾನು ನುಗ್ಗಿದೆ. ಆಮೇಲೆ ಕಂಡದ್ದು ತಾಲೀಮಿನ ಜಂತಿಗಳು. ಬೆನ್ನು ಮಣ್ಣಿಗೆ ಅಂಟಿಕೊಂಡಿತ್ತು. ನನ್ನ ಬಲಗೈ ಇನ್ನೂ ಅವನ ಎಡಗೈಯಲ್ಲಿತ್ತು, ಬಿಟ್ಟಿರಲಿಲ್ಲ. ನನಗೆ ಒಂದಿಷ್ಟೂ ನೋವಾಗಲಿಲ್ಲ, ಅಷ್ಟು ಹಗುರವಾಗಿ ಇಳಿಸಿದ್ದ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಗೌಡರ ಎತ್ತಿನ ಬಂಡಿ ಹೊಡೆಯುವವನು, "ಇನ್ನ ಮ್ಯಾಲ ಹಾಲು ಯಾರಿಗಿ ಕೊಡಬೇಕ್ರಿ ಗೌಡ್ರ?" ಎಂದು ಕೂಗಿದ. ವಸ್ತಾದರು ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಜಂತಿಗಳೇ ಕಂಡವು.

ಅಂದು ಊಟಕ್ಕೆ ಕೂರುವ ಮುಂಚೆ ಗೌಡರು ಮತ್ತು ವಸ್ತಾದರು ಮಾತಾಡಿದ್ದನ್ನು ನಾನು ಬಾಗಿಲ ಹೊರಗೆ ನಿಂತು ಕೇಳಿದೆ.

"ಜೇವರ್ಗಿಗಿ ಆ ಬೀಳಾಂವನ್ನ ಒಯ್ರಿ ಸಾಹೇಬ. ಢಾಕ್ ಇವನ ಮೈಯಾಗ ಕೂತದ."

"ಮಂದಿ ಕೇಳಿದ್ರ ಏನ್ ಹೇಳೂಣು?"

"ಜೇವರ್ಗ್ಯಾಗ ಇವನ ಕೇರಿ ಯಾರು ನೋಡ್ಯಾರ? ನಿಮ್ಮ ಆಳು ಅಂದ್ರಾಯ್ತು."

ಗೆಲುವಿನ ಆಸೆ ಗೌಡರಿಗೆ ಜಾತಿಗಿಂತ ಒಂದು ಗುಲಗಂಜಿ ಹೆಚ್ಚಿತ್ತು. "ಬಜಾರದ ದಿನ ನನ್ನೆದುರಿಗಿ ಇಬ್ಬರೂ ಹಿಡೀಲಿ. ಗೆದ್ದಾಂವ ಜೇವರ್ಗಿಗಿ. ಸೋತಾಂವ ತನ್ನ ದಾರಿ ಹಿಡೀಲಿ, ಇಬ್ಬರನ್ನ ಸಾಕಾಕ ನಂಗೇನ್ ಹುಚ್ಚ?"

ಬೀಳುವವನಿಗೆ ಹೇಳಿದಾಗ ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಬಾಗಿಲಾಚೆ ಹೋಗಿ ನಿಂತು ಹನುಮಪ್ಪನ ಗೂಡಿಗೆ ಕೈ ಮುಗಿದ. ಬಂದು ನನ್ನ ಮುಂದೆ ನಿಂತ. "ಪೈಲ್ವಾನ್ರ, ನೀವೇ ಗೆಲ್ಲತೀರಿ ಬಿಡ್ರಿ. ಆದ್ರ ಒಮ್ಮಿ ಮಂದಿ ಮುಂದ ತೊಡಿ ತಟ್ಟಾಕ ಸಿಕ್ಕರ ಸಾಕ್ರಿ ನಂಗ. ಒಮ್ಮಿ. ನನ್ನ ಮಗಾ ನೋಡಬೇಕು, ನಮ್ಮಪ್ಪ ಬೀಳಾಕಷ್ಟೇ ಹುಟ್ಟಿಲ್ಲಂತ."

ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿದೆ, ಬರೆಯಲು ಕೈ ಬರುತ್ತಿಲ್ಲ. ಅವನ ಮಗನ ಬಗ್ಗೆ ಒಂದು ಹೊಲಸು ಮಾತು ಅಂದೆ. ಅವನ ಮುಖದ ಮೇಲಿನ ನಗು ಹೋದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಬಜಾರದ, ಅಂದರೆ ಸಂತೆಯ, ಹಿಂದಿನ ದಿನ ಸಂಜೆ ಅವನು ಎಂದಿನಂತೆ ಮಣ್ಣು ಅಗೆದ. ಎಂದಿಗಿಂತ ಹೆಚ್ಚೇ ಅಗೆದ. ಮೂಲೆ ಮೂಲೆ ಮಗುಚಿ, ಹೆಂಟೆ ಒಡೆದು, ಮಜ್ಜಿಗೆ ಚಿಮುಕಿಸಿ, ಹಿಮ್ಮಡಿ ಒತ್ತಿ ನೋಡಿ ಮನೆಗೆ ಹೋದ. ಇನ್ನೂ ಬೆಳಕಿತ್ತು. ವಸ್ತಾದರು ಮಸೀದಿಯ ಕಡೆ ಹೋಗಿದ್ದರು. ನಾನು ತಾಲೀಮಿನ ಬಾಗಿಲು ಹಾಕಿದೆ.

ಉತ್ತರದ ಮೂಲೆ ಆರಿಸಿಕೊಂಡೆ. ಒಂದು ಕೊಡ ನೀರು ತಂದು ಅಲ್ಲಿ ಸುರಿದೆ. ಕೊರಡಿನ ಮೇಲೆ ಎರಡು ಗುಂಡುಕಲ್ಲು ಏರಿಸಿ, ಹಗ್ಗ ಟೊಂಕಕ್ಕೆ ಕಟ್ಟಿ, ಆ ಮೂಲೆಯಲ್ಲೇ ಹಿಂದೆ ಮುಂದೆ ಎಳೆದೆ. ಎಳೆದು, ಕಾಲಿನಿಂದ ತುಳಿದು, ಮತ್ತೆ ಎಳೆದೆ. ಮಣ್ಣು ಕೂಡಿ ಗಟ್ಟಿಯಾಯಿತು. ಆಮೇಲೆ ಬೇರೆ ಕಡೆಯಿಂದ ಹುಡಿಮಣ್ಣು ತಂದು ಜರಡಿ ಹಿಡಿದು ಮೇಲೆ ಉದುರಿಸಿದೆ. ನೋಡಿದರೆ ಉಳಿದ ಮಣ್ಣಿನ ಹಾಗೇ ಮೆತ್ತಗೆ ಕಾಣುತ್ತಿತ್ತು. ಬೇಸಿಗೆ, ಬೆಳಗಾಗುವುದರೊಳಗೆ ಒಣಗುತ್ತದೆ ಎಂದು ಗೊತ್ತಿತ್ತು. ಅವನನ್ನು ಕೊಲ್ಲಬೇಕು ಎಂದಿರಲಿಲ್ಲ. ಒಂದು ಪಕ್ಕೆಲುಬು, ಒಂದು ಹೆಗಲ ಎಲುಬು, ಜೇವರ್ಗಿ ಮುಗಿಯುವ ತನಕ ಮಲಗುವಷ್ಟು ಸಾಕಿತ್ತು. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಕೋಪದಲ್ಲಿ ಮಾಡಿದ್ದಲ್ಲ, ಅಳತೆ ಹಾಕಿ ಮಾಡಿದ್ದು ಎಂದು ತಿಳಿಯಲಿ ಎಂದು ಹೇಳುತ್ತಿದ್ದೇನೆ.

ಮರುದಿನ ಮುಂಜಾನೆ ಕಟ್ಟೆ ತುಂಬ ಜನ. ಬಾಗಿಲಾಚೆ, ಕೇರಿಯ ನಾಲ್ಕಾರು ಮಂದಿ ಇಣುಕುತ್ತ ನಿಂತಿದ್ದರು. ಗೌಡರು ಅವತ್ತು ಮಾತ್ರ ಅವನಿಗೆ ತೊಡೆ ತಟ್ಟಲು ಅಪ್ಪಣೆ ಕೊಟ್ಟರು. ಅವನು ತಟ್ಟಿದ. ಬಾಗಿಲಾಚೆ ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

ಕೈ ಕೂಡಿದವು. ನಾನು ಉತ್ತರದ ಮೂಲೆಗೆ ಬೆನ್ನು ಮಾಡಿ ಒಂದೊಂದೇ ಹೆಜ್ಜೆ ಹಿಂದೆ ಸರಿದೆ. ಅಂದು ಅವನು ತನಗೆ ಬೇಕಾದಂತೆ ಆಡಬಹುದಿತ್ತು. ಆದರೆ ಅಷ್ಟು ದಿನ ನಾನು ಸರಿದ ಕಡೆ ನುಗ್ಗಿ ನುಗ್ಗಿ ಮೈಗೆ ಅದೇ ರೂಢಿಯಾಗಿತ್ತು. ತಲೆ ತಗ್ಗಿಸಿ ಬೆನ್ನಟ್ಟಿ ಬಂದ. ನನ್ನ ಅಂಗಾಲಿಗೆ ಗಟ್ಟಿ ನೆಲ ಸಿಕ್ಕಿತು. ತಿರುಗಿದೆ.

ಢಾಕ್ ನನಗೆ ಮೊದಲ ಸಲ ಬಂದದ್ದು ಆ ಹೊತ್ತಿನಲ್ಲಿ. ಟೊಂಕ ತಾನಾಗಿ ಇಳಿಯಿತು. ಅವನ ಹೊಟ್ಟೆ ಅದರ ಮೇಲೆ ಬಂದು ಕೂತಿತು, ಭಾರವೇ ತಿಳಿಯಲಿಲ್ಲ. ಮಂಡಿ ಚಾಚಿದೆ, ಅವನ ಕಾಲುಗಳು ನೆಲ ಬಿಟ್ಟವು. ವಸ್ತಾದರು "ಶಾಬಾಸ್!" ಅಂದದ್ದು ಕೇಳಿಸಿತು. ಗೆದ್ದಿದ್ದೆ. ಕೈ ಹಿಡಿದೇ ಇಳಿಸಿದ್ದರೂ ಅವನು ಚಿತ್ ಆಗುತ್ತಿದ್ದ. ಜೇವರ್ಗಿ ನನ್ನದೇ ಆಗುತ್ತಿತ್ತು. ಗಟ್ಟಿ ಮಣ್ಣು ಕೂಡ ಬೇಕಿರಲಿಲ್ಲ. ಇದೆಲ್ಲ ನನಗೆ ಆಗಲೇ ಗೊತ್ತಾಯಿತು. ಅವನು ಗಾಳಿಯಲ್ಲಿದ್ದಾಗಲೇ, ಸ್ಪಷ್ಟವಾಗಿ ಗೊತ್ತಾಯಿತು.

ಗೊತ್ತಾಗಿ, ಎಡಗೈ ಬಿಟ್ಟೆ. ಕೊರಳು ಬಿಡಲಿಲ್ಲ.

ಒಣ ಕಟ್ಟಿಗೆ ಮುರಿದಂಥ ಸಪ್ಪಳ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ತುಂಬಿದ ಜೋಳದ ಚೀಲ ಬಂಡಿಯಿಂದ ಉರುಳಿದ ಸಪ್ಪಳ ಬಂತು. ಅವನು ಕೂಗಲಿಲ್ಲ. ಎದ್ದು ಕೂರಲು ನೋಡಿದ. ಎಡಗೈ ಊರಿದ, ಬಲಗೈ ಬರಲಿಲ್ಲ. ಅದು ಪಕ್ಕದಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಅವನು ಅದನ್ನು ನೋಡುತ್ತಿದ್ದ. "ಇದ್ಯಾಕ ಕೇಳವಲ್ತು?" ಎಂದ, ಯಾರನ್ನೂ ಕೇಳಿದಂತೆ ಇರಲಿಲ್ಲ.

ವಸ್ತಾದರು ಬಂದು ಅವನ ಹೆಗಲು ಮುಟ್ಟಿದರು. ಬೆರಳುಗಳನ್ನು ಒಂದೊಂದಾಗಿ ಚಿವುಟಿದರು. "ಗೊತ್ತಾಗಾಕತ್ತದೇನು?" "ಇಲ್ರಿ." ಮೊಣಕೈ ಚಿವುಟಿದರು. "ಇಲ್ರಿ." ಆಮೇಲೆ ಅವರು ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿದರು. ಹುಡಿಮಣ್ಣು ಸರಿಯಿತು, ಬೆರಳು ಒಳಗೆ ಇಳಿಯಲಿಲ್ಲ.

"ಈ ಮಣ್ಣು ಯಾರು ಅಗೆದಾರ?"

"ನಾನೇ ರೀ" ಎಂದ ಅವನು.

ನಾನು ಸುಮ್ಮನಿದ್ದಿದ್ದರೂ ನಡೆಯುತ್ತಿತ್ತು. ಪದ್ಧತಿಯೇ ನನ್ನ ಪರವಾಗಿ ಸಾಕ್ಷಿ ನುಡಿಯುತ್ತಿತ್ತು. ಆದರೆ ನಾನು ಬಾಯಿ ತೆಗೆದೆ.

"ಆ ಮೂಲಿ ಬಿಟ್ಟಿದ್ದನ್ರಿ ವಸ್ತಾದ. ನಿನ್ನಿ ಸಂಜಿಗಿ ನಾ ನೋಡಿದ್ದೆ. ಹೇಳಬೇಕಂದೆ, ಮರತ ಬಿಟ್ಟೆ."

"ಅಗೆದಿದ್ನಲ್ರಿ..." ಎಂದ ಅವನು. ನನ್ನ ಮುಖ ನೋಡಿದ. ಅವನಿಗೆ ಸಂಶಯ ಬಂದದ್ದು ನನ್ನ ಮೇಲಲ್ಲ, ತನ್ನ ಮೇಲೆಯೇ. "ಅಗೆದಿದ್ದೆ ಅನಸ್ತದ. ಆ ಮೂಲಿ... ಅಗೆದಿದ್ದೆ."

"ತನ್ನ ಹಾಸಿಗಿ ತಾ ಹಾಸ್ಕೊಳ್ಳಾಕ ಬರ್ಲಿಲ್ಲ ಮಗನಿಗಿ, ಜೇವರ್ಗಿ ಬೇಕಂತ!" ಎಂದು ಗೌಡರು ಎದ್ದರು. ಕಟ್ಟೆಯ ಮೇಲೆ ಒಂದಿಬ್ಬರು ನಕ್ಕರು. ವಸ್ತಾದರು ಮೂಲೆಗೆ ಒರಗಿಸಿಟ್ಟ ಕೊರಡನ್ನು ನೋಡಿದರು. ಅದರ ತಳಕ್ಕೆ ಹಸಿಮಣ್ಣು ಮೆತ್ತಿ ಒಣಗಿತ್ತು. ನಂತರ ನನ್ನ ಎಡಗೈ ನೋಡಿದರು. "ವಸ್ತಾದ, ಬಿಡ್ರಿನ್ನ" ಎಂದರು ಗೌಡರು. ವಸ್ತಾದರು ಬಿಟ್ಟರು. ಗೌಡರ ಉಪ್ಪು ತಿನ್ನುತ್ತಿದ್ದರು, ವಯಸ್ಸಾಗಿತ್ತು. ನನ್ನ ಸಂಗಡ ಜೇವರ್ಗಿಯ ತನಕ ಬಂದರು, ಆದರೆ ಆ ದಿನದಿಂದ ನನಗೆ ಬರಲಿನಿಂದ ಒಂದೇಟೂ ಹೊಡೆಯಲಿಲ್ಲ.

ಅವನನ್ನು ಕೇರಿಯವರು ಕಂಬಳಿಯಲ್ಲಿ ಹೊತ್ತುಕೊಂಡು ಹೋದರು. ಎಲುಬು ಕಟ್ಟುವವನೊಬ್ಬ ಬಿದಿರಿನ ದಬ್ಬೆ ಕಟ್ಟಿದ. ಎಲುಬು ಕೂಡಿತು. ಕೈ ಬರಲಿಲ್ಲ. ಕೊರಳಿನಿಂದ ಕೈಗೆ ಇಳಿಯುವ ನರ ಹರಿದಿದ್ದಿರಬೇಕು ಎಂದು ಬಹಳ ವರ್ಷಗಳ ಮೇಲೆ ಕಲಬುರ್ಗಿಯ ಡಾಕ್ಟರರೊಬ್ಬರು ನನಗೆ ಹೇಳಿದರು. ಯಾರದೋ ಕತೆ ಎಂದು ಹೇಳಿ ಕೇಳಿದ್ದೆ.

ಭೀಮೆಯಲ್ಲಿ ನೀರು ಕಡಿಮೆಯಿತ್ತು, ಬಂಡಿಯಲ್ಲೇ ದಾಟಿ ಜೇವರ್ಗಿಗೆ ಹೋದೆವು. ಸೊಲ್ಲಾಪುರದವನು ನಾನು ಎಣಿಸಿದಂತೆಯೇ ನುಗ್ಗಿದ. ಕೊರಳು ಸುತ್ತಿದೆ, ಕೈ ಹಿಡಿದೆ, ತಿರುಗಿದೆ, ಟೊಂಕ ಇಳಿಯಿತು. ಅವನು ಮೇಲೆ ಬಂದ. ಆಗ ನನ್ನ ಎಡಗೈ ತನ್ನಷ್ಟಕ್ಕೆ ತೆರೆದುಕೊಂಡಿತು. ಅಖಾಡದಲ್ಲಿ ಕೈ ಬಿಟ್ಟರೆ ಅನುಭವಸ್ಥ ಪೈಲ್ವಾನ ಬೀಳುವುದಿಲ್ಲ, ಜಾರಿ ಬೆನ್ನ ಹಿಂದೆ ಬರುತ್ತಾನೆ. ಬಂದ. ನನ್ನನ್ನು ಎತ್ತಿ ಚಿತ್ ಮಾಡಿ, ಎದೆಯ ಮೇಲೆ ಕುಳಿತು ಜನರಿಗೆ ಕೈ ಬೀಸಿದ. ಗೌಡರು ಒಬ್ಬರೇ ಬಂಡಿ ಹೂಡಿಸಿಕೊಂಡು ಹೋದರು. ನಾನು ನಡೆದು ಕಲಬುರ್ಗಿಗೆ ಬಂದೆ, ಅಲ್ಲಿಂದ ಆಳಂದಕ್ಕೆ. ಮತ್ತೆ ಮಣ್ಣಿಗೆ ಇಳಿಯಲಿಲ್ಲ. ಆ ಫೋಟೊ ಅದಕ್ಕೂ ಮುಂಚಿನದು.

ನಿಜಾಮನ ಆಳಿಕೆ ಹೋಯಿತು. ನಾನು ಬೆಲ್ಲದ ವ್ಯಾಪಾರಕ್ಕೆ ಇಳಿದೆ. ಒಂದು ವರ್ಷ ಭೂಸನೂರಿನ ಕಡೆ ಕಬ್ಬಿನ ಗಾಣಗಳಿಗೆ ಹೋಗಿದ್ದೆ. ಒಲೆಯ ಬಾಯಿಗೆ ಒಬ್ಬ ಆಳು ಕುಕ್ಕರಗಾಲಲ್ಲಿ ಕೂತು, ಒಣಗಿದ ಕಬ್ಬಿನ ಸಿಪ್ಪೆಯನ್ನು ಎಡಗೈಯಿಂದ ಒಟ್ಟುತ್ತಿದ್ದ. ಬಲಗೈ ಹೆಗಲಿಂದ ಒಣಗಿದ ಹೀರೇಕಾಯಿಯಂತೆ ಜೋತಿತ್ತು. ನಾನು ಹಿಂದೆ ಸರಿಯುವ ಮೊದಲೇ ನೋಡಿಬಿಟ್ಟ.

"ಪೈಲ್ವಾನ್ರ! ಬರ್ರಿ, ಬರ್ರಿ! ಗುರುತ ಸಿಗಲಿಲ್ಲೇನ್ರಿ? ನಾ ರೀ, ಬೀಳಾಂವ!"

ಊರು ಬಿಟ್ಟು ಇಲ್ಲಿಗೆ ಬಂದಿದ್ದ. ಬೆಂಕಿಗೆ ಒಂದೇ ಕೈ ಸಾಕಲ್ಲರಿ, ಅಂದ. ಮಗ ಸಾಲಿ ಕಲಿಯುತ್ತಿದ್ದಾನೆ ಅಂದ. ಕಬ್ಬಿನ ಸೋಗೆಯ ಮೇಲೆ ಬಿಸಿ ಬೆಲ್ಲ ಹಾಕಿಸಿ ಕೊಡಿಸಿದ. ಆಮೇಲೆ ಮಾತು ತೆಗೆದ, ತಲೆ ತಗ್ಗಿಸಿ, ಬೆಂಕಿಯ ಕಡೆ ನೋಡುತ್ತ.

"ಪೈಲ್ವಾನ್ರ, ನಿಮಗ ಒಂದ ಮಾತ ಹೇಳಬೇಕಂತ ಭಾಳ ವರ್ಷದಿಂದ ಇತ್ರಿ. ಅವತ್ತ ಆ ಮೂಲಿ ನಾ ಬಿಟ್ಟಿದ್ದೆ ಅನಸ್ತದ್ರಿ. ಜೇವರ್ಗಿ ಖುಷ್ಯಾಗ ತಲೀ ಠಿಕಾಣಿ ಇದ್ದಿಲ್ಲ. ನೀವು ನೋಡಿದ್ರಿ ಅಂದ ಮ್ಯಾಲ ಖರೇನೇ ಇರಬೇಕು. ನಾ ಬಿದ್ದೆ, ಹೋಗ್ಲಿ. ಬೀಳಾವರಿಲ್ಲದ ನಿಮ್ಮ ತಾಲೀಮ ನಿಂತು, ಜೇವರ್ಗ್ಯಾಗ ಸೋತ್ರಂತ. ಗೌಡ್ರು ನಿಮ್ಮನ್ನೂ ಬಿಡಿಸಿದ್ರಂತ. ನನ್ನ ಸಲುವಾಗಿ ನಿಮ್ಮ ಹೊಟ್ಟಿಮ್ಯಾಲ ಕಾಲ ಬಿತ್ತು. ಮಾಫ ಮಾಡ್ರಿ."

ಸೋಗೆಯ ಮೇಲಿನ ಬೆಲ್ಲ ಕೈ ಸುಡುತ್ತಿತ್ತು. ಗಾಣದ ಕೋಣಗಳು ಸುತ್ತುತ್ತಿದ್ದವು. ಹತ್ತಿರ ಬೇರೆ ಯಾರೂ ಇರಲಿಲ್ಲ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಮತ್ತೆ ನನಗೆ ಸಿಗಲಿಲ್ಲ.

"ಇರ್ಲಿ ಬಿಡು" ಎಂದೆ. "ಆಗಿ ಹೋಗಿದ್ದು."

ನಾನು ಅವನನ್ನು ಕ್ಷಮಿಸಿದೆ. ಅವನ ಮುಖ ಹಗುರಾಯಿತು. ಎಡಗೈಯನ್ನು ಎದೆಗೆ ಒತ್ತಿ ನನಗೆ ಕೈ ಮುಗಿದ. ನಾನು ಬೆಲ್ಲ ತಿಂದು, ರೇಟು ವಿಚಾರಿಸಿ, ಬಂಡಿ ಹತ್ತಿದೆ.

ಅವನು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ತಡವಾಗಿ, ಒಬ್ಬ ಬೆಲ್ಲದ ವ್ಯಾಪಾರಿಯ ಬಾಯಿಂದ. ಅವನ ಮಗ ಈಗ ಎಲ್ಲೋ ಮಾಸ್ತರನಂತೆ. ಅವನಿಗೂ ತಂದೆ ಅದೇ ಕತೆ ಹೇಳಿರಬೇಕು: ತಪ್ಪು ನಂದೇ ಇತ್ತು, ಮೂಲಿ ಬಿಟ್ಟಿದ್ದೆ, ಪೈಲ್ವಾನರು ದೊಡ್ಡ ಮನಸ್ಸು ಮಾಡಿ ಮಾಫ ಮಾಡಿದರು ಎಂದು. ಅದು ಸುಳ್ಳು. ಗೊಬ್ಬೂರಿನ ತಾಲೀಮಿನಲ್ಲಿ ಆ ಸಂಜೆ ಒಂದು ಮೂಲೆಯನ್ನೂ ಬಿಡದೆ ಮೊಣಕೈ ಆಳ ಮಣ್ಣು ಅಗೆದಿದ್ದವನು ಚಂದ್ರಾಮ.